ಬೇಸ್‌ಮೆಂಟ್ ಬೆಡ್‌ರೂಮಿಗೆ ಈಗ್ರೆಸ್ ಕಿಟಕಿ: ದುಡ್ಡು ಎಲ್ಲಿ ಹೋಗುತ್ತದೆ, ಎಲ್ಲಿ ಉಳಿಸಬಹುದು

ಅಮೆರಿಕದಲ್ಲಿ ಮನೆ ತಗೊಂಡ ನಮ್ಮವರು ಬೇಸ್‌ಮೆಂಟ್ ಫಿನಿಶ್ ಮಾಡಿಸುವ ಮಾತು ಬಂದಾಗ ಕಾರ್ಪೆಟ್ ಎಷ್ಟಾಯಿತು, ಬಾತ್‌ರೂಮ್ ಎಷ್ಟಾಯಿತು ಅಂತ ಕೇಳುತ್ತಾರೆ. ಕಿಟಕಿ ಬಗ್ಗೆ ಕೇಳುವವರು ಕಡಿಮೆ. ಆದರೆ ಅಲ್ಲಿ ಯಾರಾದರೂ ರಾತ್ರಿ ಮಲಗುತ್ತಾರೆ ಅಂದರೆ ಮೊದಲ ಖರ್ಚು ಕಿಟಕಿಯದ್ದೇ ಆಗಬೇಕು.

ಯಾಕೆ ಅಂತ ಒಂದು ನಿಮಿಷ ಯೋಚನೆ ಮಾಡಿ. ಫರ್ನೇಸು, ವಾಟರ್ ಹೀಟರು ಎಲ್ಲ ಇರುವುದು ಬೇಸ್‌ಮೆಂಟಿನಲ್ಲೇ. ಮೇಲೆ ಬರಲು ಇರುವುದು ಒಂದೇ ಮೆಟ್ಟಿಲು. ಅದೂ ಎಷ್ಟೋ ಮನೆಗಳಲ್ಲಿ ನೇರ ಅಡುಗೆಮನೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಬೆಂಕಿ ಹತ್ತಿಕೊಳ್ಳುವ ಜಾಗಗಳೂ ಇವೇ. ಮೆಟ್ಟಿಲ ತುಂಬ ಹೊಗೆ ತುಂಬಿಕೊಂಡರೆ ಕೆಳಗೆ ಮಲಗಿದವರಿಗೆ ಬೇರೆ ದಾರಿ ಇಲ್ಲ. ಈಗ್ರೆಸ್ ಕಿಟಕಿ ಅಂದರೆ ಆ ಇನ್ನೊಂದು ದಾರಿ. ಒಳಗಿದ್ದವರು ಹೊರಗೆ ಬರಬೇಕು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕದವರು ಒಳಗೆ ಇಳಿಯಬೇಕು. ಎರಡಕ್ಕೂ ಸಾಲುವಷ್ಟು ದೊಡ್ಡದಿರಬೇಕು.

ನಾವಿರುವುದು ಮಿಷಿಗನ್‌ನ ಡೆಟ್ರಾಯಿಟ್ ಪಕ್ಕದ ಒಂದು ಊರಲ್ಲಿ. ಅಣ್ಣನ ಮಗ ಎಂ.ಎಸ್. ಓದಲು ಬರುತ್ತಾನೆ, ನಮ್ಮ ಮನೆಯಲ್ಲೇ ಇರುತ್ತಾನೆ ಅಂತಾದಾಗ ಬೇಸ್‌ಮೆಂಟಿನ ರೂಮು ಅವನಿಗೆ ಅಂದುಕೊಂಡೆವು. ಆ ರೂಮಿನಲ್ಲಿ ಸೀಲಿಂಗಿಗೆ ಅಂಟಿಕೊಂಡ ಹಾಗೆ ಒಂದು ಪುಟ್ಟ ಕಿಟಕಿ ಇತ್ತು. ಅದರಲ್ಲಿ ಬೆಕ್ಕು ಹೊರಗೆ ಹೋಗಬಹುದಿತ್ತು, ಮನುಷ್ಯ ಹೋಗುವಂತಿರಲಿಲ್ಲ. ಹಾಗಾಗಿ ಮಂಚ ತರುವ ಮುಂಚೆ ಕಿಟಕಿ ಕೆಲಸಕ್ಕೆ ಕೈ ಹಾಕಿದೆವು.

ನಮಗೆ ಬಂದ ಒಟ್ಟು ಖರ್ಚು 5,850 ಡಾಲರ್. ಇದರಲ್ಲಿ ಕಿಟಕಿಗೆ ಕೊಟ್ಟದ್ದು ಬರೀ 620. ಉಳಿದದ್ದರಲ್ಲಿ ಕಾಂಕ್ರೀಟ್ ಗೋಡೆ ಕತ್ತರಿಸಲು 1,300, ಮಣ್ಣು ಅಗೆದು ಸಾಗಿಸಲು 1,150, ಕಿಟಕಿ ಕೂರಿಸಿ ಸೀಲ್ ಮಾಡಲು 900, ಏಣಿ ಸಮೇತ ವಿಂಡೋ ವೆಲ್‌ಗೆ 780, ನೀರು ಹೋಗುವ ಪೈಪಿಗೆ 650, ಮೇಲಿನ ಮುಚ್ಚಳಕ್ಕೆ 310, ಪರ್ಮಿಟ್ಟಿಗೆ 140. ವಿಂಡೋ ವೆಲ್ ಅಂದರೆ ಕಿಟಕಿಯ ಮುಂದೆ ಹೊರಗಡೆ ನೆಲದಲ್ಲಿ ಮಾಡುವ ಹೊಂಡ ಮತ್ತು ಅದರ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಗೋಡೆ. ಈ ಲೆಕ್ಕ ನೋಡಿದರೆ ಗೊತ್ತಾಗುತ್ತೆ ಅಲ್ವಾ, ಅಗ್ಗದ ಕಿಟಕಿ ಹುಡುಕಿ ಉಳಿಯುವುದು ನೂರಿನ್ನೂರು ಡಾಲರ್ ಮಾತ್ರ. ನಿಜವಾದ ದುಡ್ಡು ಇರುವುದು ಮಣ್ಣು, ಕಾಂಕ್ರೀಟು, ನೀರು ಈ ಮೂರರಲ್ಲಿ. ಕಿಟಕಿ ಯಾವ ಜಾಗದಲ್ಲಿ ಬರಬೇಕು ಅನ್ನುವ ತೀರ್ಮಾನವೇ ಈ ಮೂರನ್ನೂ ಏರಿಸುತ್ತದೆ ಅಥವಾ ಇಳಿಸುತ್ತದೆ.

ಮೊದಲು ಅಳತೆ

ಇಲ್ಲಿನ ಹೆಚ್ಚಿನ ಊರುಗಳ ನಿಯಮ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಆಧರಿಸಿದ್ದು. ಅದರಲ್ಲಿ ಆರ್310 ಅನ್ನುವ ಭಾಗ ಈ ಕಿಟಕಿಗಳದ್ದು. ನಿಮ್ಮ ರಾಜ್ಯ, ನಿಮ್ಮ ಊರು ಅದಕ್ಕೆ ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡಿರಬಹುದು. ಹಾಗಾಗಿ ಬಿಲ್ಡಿಂಗ್ ಡಿಪಾರ್ಟ್‌ಮೆಂಟಿಗೆ ಒಂದು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಮೂಲ ಅಳತೆಗಳು ಹೀಗಿವೆ. ಕಿಟಕಿ ಪೂರ್ತಿ ತೆರೆದಾಗ ಸಿಗುವ ಖಾಲಿ ಜಾಗ ಕನಿಷ್ಠ 5.7 ಚದರ ಅಡಿ ಇರಬೇಕು. ನೆಲಮಟ್ಟದ ಅಥವಾ ಅದಕ್ಕಿಂತ ಕೆಳಗಿನ ಕಿಟಕಿಗೆ 5 ಚದರ ಅಡಿ ಸಾಕು. ಎತ್ತರ ಕನಿಷ್ಠ 24 ಅಂಗುಲ, ಅಗಲ ಕನಿಷ್ಠ 20 ಅಂಗುಲ. ಒಳಗಿನ ನೆಲದಿಂದ ಆ ತೆರೆದ ಜಾಗದ ಕೆಳ ಅಂಚಿನವರೆಗೆ 44 ಅಂಗುಲ ದಾಟಬಾರದು. ಬೀಗದ ಕೈ ಇಲ್ಲದೆ, ಯಾವ ಉಪಕರಣವೂ ಇಲ್ಲದೆ ಒಳಗಿನಿಂದ ತೆರೆಯಬೇಕು.

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ. 20 ಅಂಗುಲ ಅಗಲ, 24 ಅಂಗುಲ ಎತ್ತರ ಇಟ್ಟರೆ ಆಯಿತು ಅಂದುಕೊಳ್ಳುತ್ತಾರೆ. ಗುಣಿಸಿ ನೋಡಿ. 480 ಚದರ ಅಂಗುಲ, ಅಂದರೆ ಮೂರೂಕಾಲು ಚದರ ಅಡಿಗಿಂತ ಚೂರು ಜಾಸ್ತಿ ಅಷ್ಟೇ. 5 ಚದರ ಅಡಿ ಅಂದರೆ 720 ಚದರ ಅಂಗುಲ. ಅಗಲ 20 ಇಟ್ಟರೆ ಎತ್ತರ 36 ಬೇಕು. ಎತ್ತರ 24 ಇಟ್ಟರೆ ಅಗಲ 30 ಬೇಕು. ಮೂರು ಷರತ್ತೂ ಒಟ್ಟಿಗೆ ಕೂಡಿ ಬರಬೇಕು.

ಇನ್ನೊಂದು ವಿಷಯ. ಈ ಅಳತೆ ಗಾಜಿನದ್ದಲ್ಲ, ಚೌಕಟ್ಟಿನದ್ದೂ ಅಲ್ಲ. ಬಾಗಿಲು ತೆರೆದ ಮೇಲೆ ಉಳಿಯುವ ಖಾಲಿ ಜಾಗದ್ದು. ಪಕ್ಕಕ್ಕೆ ಜಾರುವ ಸ್ಲೈಡರ್ ಕಿಟಕಿಯಲ್ಲಿ ಅರ್ಧ ಮಾತ್ರ ತೆರೆಯುತ್ತದೆ. ಹಾಗಾಗಿ ಅದೇ 5 ಚದರ ಅಡಿಗೆ ಎರಡರಷ್ಟು ಅಗಲದ ಕಿಟಕಿ ಬೇಕಾಗುತ್ತದೆ, ಎರಡರಷ್ಟು ಅಗಲ ಗೋಡೆ ಕತ್ತರಿಸಬೇಕಾಗುತ್ತದೆ. ಮೇಲಕ್ಕೆ ಎತ್ತುವ ಸಿಂಗಲ್ ಹಂಗ್ ಕಿಟಕಿಯದ್ದೂ ಇದೇ ಕಥೆ, ಅಲ್ಲಿ ಎತ್ತರದ ಲೆಕ್ಕ. ಬಾಗಿಲಿನ ಹಾಗೆ ಪಕ್ಕದಿಂದ ಪೂರ್ತಿ ತೆರೆದುಕೊಳ್ಳುವ ಕೇಸ್‌ಮೆಂಟ್ ಕಿಟಕಿಗೆ ಬೆಲೆ ಸ್ವಲ್ಪ ಜಾಸ್ತಿ. ಆದರೆ ಗೋಡೆಯಲ್ಲಿ ಚಿಕ್ಕ ತೂತು ಸಾಕು. ಕಿಟಕಿಗೆ ಹೆಚ್ಚು ಕೊಟ್ಟ ದುಡ್ಡು ಕತ್ತರಿಸುವ ಖರ್ಚಿನಲ್ಲಿ ವಾಪಸ್ ಬರುತ್ತದೆ. ನನ್ನನ್ನು ಕೇಳಿದರೆ ಬೇಸ್‌ಮೆಂಟಿಗೆ ಕೇಸ್‌ಮೆಂಟೇ ಸರಿ.

ಅಂಗಡಿಯಲ್ಲಿ ಸ್ಟಿಕರ್ ನೋಡಿ ನಂಬಬೇಡಿ. ತಯಾರಕರ ಅಳತೆ ಪಟ್ಟಿಯಲ್ಲಿ ನೆಟ್ ಕ್ಲಿಯರ್ ಓಪನಿಂಗ್ ಅಂತ ಒಂದು ಕಾಲಂ ಇರುತ್ತದೆ. ಅದರಲ್ಲಿ ಅಗಲ, ಎತ್ತರ, ಚದರ ಅಡಿ ಮೂರನ್ನೂ ನೋಡಿ. ನಮ್ಮದು 32 ಅಂಗುಲ ಅಗಲ, 48 ಅಂಗುಲ ಎತ್ತರದ ಕೇಸ್‌ಮೆಂಟ್. ತೆರೆದಾಗ ಸಿಗುವುದು 24 ಅಂಗುಲ ಅಗಲ, 41 ಅಂಗುಲ ಎತ್ತರ. ಹೆಚ್ಚುಕಡಿಮೆ 6.8 ಚದರ ಅಡಿ, ಧಾರಾಳವಾಗಿ ಸಾಕು. ಚೌಕಟ್ಟು ಮತ್ತು ಬಾಗಿಲೇ 8 ಅಂಗುಲ ಅಗಲ ನುಂಗಿದ್ದನ್ನು ಗಮನಿಸಿ.

ಜಾಗ ಆರಿಸುವುದು

ನಾನು ಇಡೀ ಬರಹದಲ್ಲಿ ಒಂದೇ ಮಾತು ಹೇಳಬೇಕು ಅಂದರೆ ಇದನ್ನೇ ಹೇಳುತ್ತೇನೆ: ಈಗಾಗಲೇ ಪುಟ್ಟ ಕಿಟಕಿ ಇರುವ ಜಾಗದಲ್ಲಿ, ಅದೇ ಅಗಲ ಇಟ್ಟುಕೊಂಡು, ಕೆಳಕ್ಕೆ ಮಾತ್ರ ಕತ್ತರಿಸಲು ಆಗುತ್ತದಾ ನೋಡಿ. ಕಿಟಕಿಯ ಮೇಲೆ ಬರುವ ಭಾರ ಹೊರುವ ವ್ಯವಸ್ಥೆ ಮನೆ ಕಟ್ಟುವಾಗಲೇ ಮಾಡಿರುತ್ತಾರೆ. ಅಗಲ ಹಾಗೇ ಉಳಿದರೆ ಆ ಲಿಂಟೆಲ್ ಮುಟ್ಟಬೇಕಾಗಿಲ್ಲ. ಅಗಲ ಹೆಚ್ಚಿಸಿದರೆ ಮೇಲಿನ ಜಾಯಿಸ್ಟುಗಳ, ಅಂದರೆ ಮೇಲಿನ ಮಹಡಿಯ ನೆಲ ಹೊರುವ ತೊಲೆಗಳ ಭಾರ ಯಾರು ಹೊರಬೇಕು ಅನ್ನುವ ಪ್ರಶ್ನೆ ಬರುತ್ತದೆ. ಆಗ ಹೊಸ ಲಿಂಟೆಲ್ ಬೇಕು, ಕೆಲಸ ನಡೆಯುವಾಗ ತಾತ್ಕಾಲಿಕ ಆಧಾರ ಬೇಕು, ಎಷ್ಟೋ ಊರುಗಳಲ್ಲಿ ಎಂಜಿನಿಯರ್ ಸಹಿ ಹಾಕಿದ ನಕ್ಷೆಯೂ ಬೇಕು. ಕಾಂಕ್ರೀಟ್ ಬ್ಲಾಕಿನ ಗೋಡೆಯಾದರೆ ಇನ್ನೂ ಹುಷಾರಾಗಿರಬೇಕು. ನಮ್ಮ ಹಳೆಯ ಕಿಟಕಿ 32 ಅಂಗುಲ ಅಗಲವೇ ಇತ್ತು. ಅಳತೆ ಸರಿಹೋದದ್ದರಿಂದ ಎಂಜಿನಿಯರ್ ಖರ್ಚು, ಲಿಂಟೆಲ್ ಖರ್ಚು ಎರಡೂ ಬರಲಿಲ್ಲ.

ಹೊರಗಡೆಯೂ ಒಂದು ಸುತ್ತು ಹಾಕಿ ಬನ್ನಿ. ಎಸಿ ಯೂನಿಟ್ ಅಡ್ಡ ಇದ್ದರೆ ಅದನ್ನು ಸರಿಸಲು ಬೇರೆಯವರನ್ನು ಕರೆಸಬೇಕು. ಗ್ಯಾಸ್ ಮೀಟರ್ ಪಕ್ಕ ಅಗೆಯುವುದು ಬೇಡವೇ ಬೇಡ. ಮರದ ಡೆಕ್ ಕೆಳಗೆ ಕಿಟಕಿ ಬರುವುದಾದರೆ, ವೆಲ್‌ನಿಂದ ಹತ್ತಿ ಅಂಗಳಕ್ಕೆ ಹೋಗುವ ದಾರಿಗೆ ಕನಿಷ್ಠ 36 ಅಂಗುಲ ಎತ್ತರ ಉಳಿಯಬೇಕು. ಪಕ್ಕದ ಮನೆಯ ಗಡಿ ತೀರಾ ಹತ್ತಿರ ಇದ್ದರೆ ವೆಲ್‌ಗೇ ಜಾಗ ಸಾಲದು. ಮನೆಯ ಮುಂಭಾಗಕ್ಕೆ ಬರುತ್ತದೆ ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘವಾದ ಎಚ್‌ಒಎ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಳ್ಳಿ. ಛಾವಣಿಯ ನೀರು ಇಳಿಯುವ ಪೈಪ್ ಅಲ್ಲೇ ಇದ್ದರೆ ಅದನ್ನು ದೂರಕ್ಕೆ ತಿರುಗಿಸಬೇಕು.

ಪರ್ಮಿಟ್ಟು, 811

ಪರ್ಮಿಟ್ ಇಲ್ಲದೆ ಮಾಡಿಕೊಡುತ್ತೇನೆ, ನೂರಿನ್ನೂರು ಡಾಲರ್ ಉಳಿಯುತ್ತೆ ಅನ್ನುವವರು ಸಿಗುತ್ತಾರೆ. ಬೇಡ. ನಾಳೆ ಮನೆ ಮಾರುವಾಗ ಆ ರೂಮನ್ನು ಬೆಡ್‌ರೂಮ್ ಅಂತ ತೋರಿಸಲು ಕಷ್ಟವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇನ್‌ಸ್ಪೆಕ್ಟರ್ ಬಂದು ನೋಡುವುದು ನಿಮ್ಮ ಪರವಾಗಿಯೇ. ಅವರಿಗೆ ನೀವು ಬೇರೆ ಸಂಬಳ ಕೊಡಬೇಕಾಗಿಲ್ಲ. ಪರ್ಮಿಟ್ ತೆಗೆಯುವಾಗ ಸ್ಮೋಕ್ ಅಲಾರಂ ವಿಷಯವೂ ಬರುತ್ತದೆ. ಬೆಡ್‌ರೂಮಿನ ಒಳಗೊಂದು, ಹೊರಗೊಂದು. ಒಂದು ಕೂಗಿದರೆ ಎಲ್ಲವೂ ಕೂಗುವಂಥದ್ದು ಹಾಕಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ. ಬೇಸ್‌ಮೆಂಟಿನಲ್ಲಿ ಮಲಗುವವರು ಫರ್ನೇಸಿನ ಪಕ್ಕದಲ್ಲೇ ಮಲಗಿರುತ್ತಾರೆ.

ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಬೇಕು. ನೆಲದಡಿ ಕರೆಂಟು, ಗ್ಯಾಸು, ನೀರಿನ ಲೈನುಗಳು ಎಲ್ಲಿವೆ ಅಂತ ಗುರುತು ಹಾಕಿಸುವ ಸೇವೆ ಇದು. ಇಡೀ ದೇಶಕ್ಕೆ ಒಂದೇ ನಂಬರ್, ದುಡ್ಡು ತಗೊಳ್ಳುವುದಿಲ್ಲ. ಮಿಷಿಗನ್‌ನಲ್ಲಿ ಇದರ ಹೆಸರು ಮಿಸ್ ಡಿಗ್. ಮೂರು ಕೆಲಸದ ದಿನ ಮುಂಚೆ ಹೇಳಬೇಕು. ಅವರ ಕಡೆಯವರು ಬಂದು ಹುಲ್ಲಿನ ಮೇಲೆ ಬಣ್ಣ ಹೊಡೆದು ಬಾವುಟ ನೆಟ್ಟು ಹೋಗುತ್ತಾರೆ. ಕೆಂಪು ಅಂದರೆ ಕರೆಂಟು, ಹಳದಿ ಗ್ಯಾಸು, ನೀಲಿ ಕುಡಿಯುವ ನೀರು, ಹಸಿರು ಚರಂಡಿ, ಕಿತ್ತಳೆ ಫೋನು ಮತ್ತು ಇಂಟರ್‌ನೆಟ್ ಕೇಬಲ್ಲು. ಸ್ಪ್ರಿಂಕ್ಲರ್ ಪೈಪು, ಬಾರ್ಬೆಕ್ಯೂಗೆ ಎಳೆದ ಗ್ಯಾಸ್ ಲೈನು ಇವೆಲ್ಲ ಮನೆಯವರೇ ಹಾಕಿಸಿಕೊಂಡದ್ದು. ಅವನ್ನು ಅವರು ಗುರುತು ಮಾಡುವುದಿಲ್ಲ. ಅವು ಎಲ್ಲಿವೆ ಅಂತ ನೀವೇ ನೋಡಿಕೊಳ್ಳಬೇಕು.

ಮಣ್ಣು

ವೆಲ್‌ನ ಒಳಗಿನ ಜಾಗ ಕನಿಷ್ಠ 9 ಚದರ ಅಡಿ. ಅಗಲವೂ, ಗೋಡೆಯಿಂದ ಮುಂದಕ್ಕೆ ಚಾಚುವುದೂ ತಲಾ 36 ಅಂಗುಲಕ್ಕೆ ಕಡಿಮೆ ಇರಬಾರದು. ಕಿಟಕಿ ಪೂರ್ತಿ ತೆರೆಯಲು ಅಡ್ಡಿಯೂ ಆಗಬಾರದು. ಆಳ 44 ಅಂಗುಲ ದಾಟಿದರೆ ಏಣಿ ಕಡ್ಡಾಯ. ನಮ್ಮದು ನಾಲ್ಕು ಅಡಿ ದಾಟಿತ್ತು, ಹಾಗಾಗಿ ಏಣಿ ಬಂತು. ಮೆಟ್ಟಿಲ ಹಾಗೆ ಹಂತ ಹಂತವಾಗಿ ಮಾಡಿದ ವೆಲ್‌ಗಳೂ ಸಿಗುತ್ತವೆ. ನೋಡಲು ಚೆಂದ, ಬೆಳಕೂ ಜಾಸ್ತಿ ಬರುತ್ತದೆ. ಆದರೆ ಅದಕ್ಕೆ ಹೊಂಡವೂ ದೊಡ್ಡದಾಗಬೇಕು, ದುಡ್ಡೂ ಜಾಸ್ತಿ.

ವೆಲ್ ಕೂರಿಸಲು, ಸುತ್ತ ಜಲ್ಲಿ ತುಂಬಲು ಜಾಗ ಬಿಟ್ಟು ಅಗೆಯಬೇಕು. ಐದು ಅಡಿ ಅಗಲ, ನಾಲ್ಕು ಅಡಿ ಮುಂದಕ್ಕೆ, ಐದು ಅಡಿ ಆಳ ಅಂತ ಇಟ್ಟುಕೊಳ್ಳಿ. ಅಲ್ಲಿಗೆ 100 ಘನ ಅಡಿ ಮಣ್ಣು. ತೂಕ ಸುಮಾರು ನಾಲ್ಕೂವರೆ ಟನ್. ಅದನ್ನು ಎತ್ತಿ ಹಾಕುವುದು ಒಂದು ಕೆಲಸ, ಸಾಗಿಸುವುದು ಇನ್ನೊಂದು. ಅಗೆದ ಮಣ್ಣು ನೋಡಲು ಮೊದಲಿಗಿಂತ ಜಾಸ್ತಿ ಕಾಣುತ್ತದೆ, ಸಡಿಲ ಆಗಿರುತ್ತದಲ್ಲ. ಹಿತ್ತಲಲ್ಲಿ ಎಲ್ಲಾದರೂ ತಗ್ಗು ಇದ್ದು ಅಲ್ಲಿ ಹಾಕಿಕೊಳ್ಳುತ್ತೀರಿ ಅಂದರೆ ಸಾಗಿಸುವ ಖರ್ಚು ಉಳಿಯುತ್ತದೆ. ಕಾಂಟ್ರಾಕ್ಟರ್ ಹತ್ತಿರ ಮೊದಲೇ ಹೇಳಿ.

ನಾವೇ ಅಗೆದರೆ ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಸಾವಿರ ಡಾಲರ್ ಉಳಿಯುವುದು ಇಲ್ಲೇ, ನಿಜ. ಆದರೆ ನೆಟ್ಟಗೆ ಅಗೆದ ಹೊಂಡದ ಗೋಡೆ ಯಾವ ಸೂಚನೆಯೂ ಇಲ್ಲದೆ ಕುಸಿಯುತ್ತದೆ. ಒಂದು ಘನ ಅಡಿ ಮಣ್ಣೇ 45 ಕಿಲೋ ತೂಗುತ್ತದೆ. ಎದೆವರೆಗೆ ಮಣ್ಣು ಬಿದ್ದರೆ ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಐದು ಅಡಿ ಅಥವಾ ಅದಕ್ಕಿಂತ ಆಳದ ಹೊಂಡಕ್ಕೆ ಇಳಿಯುವ ಕೆಲಸಗಾರರಿಗೆ ರಕ್ಷಣೆಯ ವ್ಯವಸ್ಥೆ ಇರಬೇಕು ಅಂತ ಇಲ್ಲಿನ ಕಾನೂನೇ ಹೇಳುತ್ತದೆ. ಮನೆಯವರು ಅಗೆದರೆ ಆ ಕಾನೂನು ಅನ್ವಯಿಸದೆ ಇರಬಹುದು. ಮಣ್ಣಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೇಲಿನ ಎರಡು ಮೂರು ಅಡಿ ನೀವು ಅಗೆಯಿರಿ, ಉಳಿದದ್ದು ಅವರಿಗೆ ಬಿಡಿ. ಒಬ್ಬರೇ ಯಾವತ್ತೂ ಇಳಿಯಬೇಡಿ.

ಕಾಂಕ್ರೀಟು

ಇದನ್ನು ಮಾತ್ರ ಗೊತ್ತಿರುವವರಿಗೇ ಬಿಡಬೇಕು. ನಮ್ಮ ಗೋಡೆ 8 ಅಂಗುಲ ದಪ್ಪದ ಕಾಂಕ್ರೀಟು. ಹಳೆಯ ಕಿಟಕಿಯ ಕೆಳಗೆ 32 ಅಂಗುಲ ಅಗಲ, 32 ಅಂಗುಲ ಎತ್ತರದ ತುಂಡು ತೆಗೆಯಬೇಕಿತ್ತು. ಅದರ ತೂಕ 300 ಕಿಲೋಗಿಂತ ಜಾಸ್ತಿ. ಅದನ್ನು ಒಂದೇ ಸಲಕ್ಕೆ ಬೀಳಿಸುವುದಿಲ್ಲ, ಒಳಗೇ ಗೆರೆ ಹಾಕಿ ತುಂಡು ತುಂಡಾಗಿ ತೆಗೆಯುತ್ತಾರೆ. ವಜ್ರದ ಹರಳು ಕೂರಿಸಿದ ದುಂಡನೆಯ ಬ್ಲೇಡಿನಿಂದ, ನೀರು ಹಾಯಿಸುತ್ತಾ ಕತ್ತರಿಸಿದರು. ಕತ್ತರಿಸಿದ ಅಂಚನ್ನು ಕೈಯಲ್ಲಿ ಸವರಿ ನೋಡಿದೆ. ಒಳಗಿನ ಜಲ್ಲಿ ಕಲ್ಲುಗಳೆಲ್ಲ ಅರ್ಧಕ್ಕೆ ಕೊಯ್ದು, ನಮ್ಮ ಹಳೆಯ ಮನೆಗಳ ಮೊಸಾಯಿಕ್ ನೆಲದ ಹಾಗೆ ನುಣುಪಾಗಿತ್ತು.

ನೋಡಬೇಕಾದ ಜಾಗ ಅಂದರೆ ಮೂಲೆ. ದುಂಡನೆಯ ಬ್ಲೇಡು ಚೌಕದ ಮೂಲೆಯನ್ನು ಪೂರ್ತಿ ಕತ್ತರಿಸಲಾರದು. ಅವಸರದವರು ಬ್ಲೇಡನ್ನು ಮೂಲೆ ದಾಟಿಸಿ ಎಳೆದುಬಿಡುತ್ತಾರೆ. ಆ ಗೀರಿನಿಂದಲೇ ಮುಂದೆ ಬಿರುಕು ಬಿಡಬಹುದು, ನೀರು ಒಳಗೆ ಬರಬಹುದು. ಒಳ್ಳೆಯವರು ಮೂಲೆಯ ಹತ್ತಿರ ನಿಲ್ಲಿಸಿ, ಉಳಿದದ್ದನ್ನು ಕಾಂಕ್ರೀಟ್ ಚೈನ್ ಗರಗಸದಿಂದ ಅಥವಾ ಉಳಿಯಿಂದ ಬಿಡಿಸುತ್ತಾರೆ. ಕೋಟೇಶನ್ ಕೊಡಲು ಬಂದಾಗಲೇ ಮೂಲೆ ಹೇಗೆ ಕತ್ತರಿಸುತ್ತೀರಿ ಅಂತ ಕೇಳಿ. ಉತ್ತರ ಥಟ್ ಅಂತ ಬಂದರೆ ಕೆಲಸ ಗೊತ್ತಿದೆ ಅಂತ ಅರ್ಥ. ನೀರು ಹಾಕದೆ ಒಣದಾಗಿ ಕತ್ತರಿಸುವವರನ್ನು ಒಪ್ಪಬೇಡಿ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಇಡೀ ಮನೆ ಸುತ್ತುತ್ತದೆ ಬೇರೆ. ಒಳಗೆ ಪ್ಲಾಸ್ಟಿಕ್ ಪರದೆ ಕಟ್ಟುವುದು, ಬೂದಿ ಬಣ್ಣದ ಕೆಸರು ಬಳಿದು ತೆಗೆಯುವುದು ಕೋಟೇಶನ್ ಒಳಗೇ ಇರಲಿ.

ನೀರು

ಎಲ್ಲಕ್ಕಿಂತ ಜಾಸ್ತಿ ಜನ ಕೈ ಬಿಡುವ ಖರ್ಚು ಇದು. ಆಮೇಲೆ ಅಳುವುದೂ ಇದಕ್ಕೇ. ಡೆಟ್ರಾಯಿಟ್ ಸುತ್ತಮುತ್ತ ಜೇಡಿಮಣ್ಣು. ನೀರು ಇಂಗುವುದೇ ಇಲ್ಲ. ವೆಲ್‌ನ ತಳಕ್ಕೆ ಎರಡು ಮೂಟೆ ಜಲ್ಲಿ ಸುರಿದು ಹೋದರೆ ಮೊದಲ ಜೋರು ಮಳೆಗೆ ಅದು ತುಂಬಿ ನಿಲ್ಲುತ್ತದೆ, ಕಿಟಕಿಯ ಕೆಳ ಅಂಚು ದಾಟಿ ರೂಮಿಗೆ ಬರುತ್ತದೆ. ಮರಳು ಮಣ್ಣಿನ ಊರಾದರೆ ಜಲ್ಲಿ ಸಾಕಾಗಬಹುದು. ಜೇಡಿಮಣ್ಣಿಗೆ ಸಾಲದು. ಕೋಡ್ ಕೂಡ, ನೀರು ಚೆನ್ನಾಗಿ ಇಂಗುವ ಮಣ್ಣಲ್ಲದಿದ್ದರೆ, ವೆಲ್ ಅನ್ನು ಪಾಯದ ಡ್ರೇನಿಗೆ ಜೋಡಿಸಿ ಅಥವಾ ಇಲಾಖೆ ಒಪ್ಪುವ ಬೇರೆ ದಾರಿ ಮಾಡಿ ಅನ್ನುತ್ತದೆ.

ನಮ್ಮಲ್ಲಿ ವೆಲ್‌ನ ತಳದಿಂದ 4 ಅಂಗುಲದ ಪೈಪನ್ನು ನೇರ ಕೆಳಗೆ, ಪಾಯದ ಸುತ್ತ ನೀರು ಹೋಗಲು ಹಾಕಿರುವ ಡ್ರೇನ್ ಟೈಲ್ ಪೈಪಿಗೆ ಇಳಿಸಿದರು. ಅಲ್ಲಿಂದ ನೀರು ಸಂಪ್ ಪಂಪಿಗೆ, ಅಂದರೆ ಬೇಸ್‌ಮೆಂಟ್ ನೆಲದ ಹೊಂಡದಲ್ಲಿ ಸೇರುವ ನೀರನ್ನು ಹೊರಗೆ ಹಾಕುವ ಪಂಪಿಗೆ ಹೋಗುತ್ತದೆ. ಪೈಪಿನ ಬಾಯಿಗೆ ಜಾಲರಿ, ಅದರ ಮೇಲೆ ಒಂದು ಅಡಿ ತೊಳೆದ ಜಲ್ಲಿ. ವೆಲ್‌ನ ಹೊರಗಡೆಯೂ ಮಣ್ಣಿನ ಬದಲು ಜಲ್ಲಿಯನ್ನೇ ತುಂಬಿಸಿದೆವು. ಇಲ್ಲಿ ಚಳಿಗಾಲದಲ್ಲಿ ನೆಲ ಮೂರೂವರೆ ಅಡಿ ಆಳದವರೆಗೂ ಹೆಪ್ಪುಗಟ್ಟಬಹುದು. ಒದ್ದೆ ಜೇಡಿಮಣ್ಣು ಹೆಪ್ಪುಗಟ್ಟಿ ಉಬ್ಬಿದರೆ ವೆಲ್ ಅನ್ನು ಗೋಡೆಯಿಂದ ಕಿತ್ತು ಬಿಡುತ್ತದೆ. ವೆಲ್‌ನ ಮೇಲಿನ ಅಂಚು ಸುತ್ತಲಿನ ನೆಲಕ್ಕಿಂತ ನಾಲ್ಕಾರು ಅಂಗುಲ ಎತ್ತರ ಇರಲಿ. ನೆಲದ ಇಳಿಜಾರು ಮನೆಯಿಂದ ಆಚೆಗಿರಲಿ, ಮೊದಲ 10 ಅಡಿಯಲ್ಲಿ 6 ಅಂಗುಲ ಇಳಿಯಬೇಕು.

ಕೆಲಸ ಮುಗಿದು ಜಲ್ಲಿ ಹಾಕಿದ ಮೇಲೆ, ಹುಲ್ಲು ಹಾಸುವ ಮುಂಚೆ, ಗಾರ್ಡನ್ ಹೋಸ್ ಹಾಕಿ ಅರ್ಧ ಗಂಟೆ ನೀರು ಬಿಡಿ. ಸಂಪ್ ಹೊಂಡಕ್ಕೆ ನೀರು ಬಂದು ಬೀಳುವ ಸದ್ದು ಕೇಳಬೇಕು. ಕೆಲಸದವರು ಅಲ್ಲೇ ಇರುವಾಗಲೇ ಇದನ್ನು ಮಾಡಿಸಿ.

ಮುಚ್ಚಳಕ್ಕೆ ಪಾಲಿಕಾರ್ಬೊನೇಟಿನದ್ದು ಒಳ್ಳೆಯದು. ಎಲೆ, ಹಿಮ, ಅಂಗಳದಲ್ಲಿ ಆಡುವ ಮಕ್ಕಳು ಯಾರೂ ಒಳಗೆ ಬೀಳುವುದಿಲ್ಲ, ಬೆಳಕೂ ಬರುತ್ತದೆ. ಆದರೆ ಒಳಗಿನಿಂದ ಬರಿಗೈಯಲ್ಲಿ ಎತ್ತಲು ಬರಬೇಕು. ಹೊರಗಿನಿಂದ ಸ್ಕ್ರೂ ಬಿಗಿದು ಹೋದರೆ ಇಷ್ಟು ಖರ್ಚು ಮಾಡಿದ್ದೂ ವ್ಯರ್ಥ. ಹಿಮ ಬಿದ್ದಾಗಲೆಲ್ಲ ಡ್ರೈವ್‌ವೇ ಜೊತೆಗೆ ಇದರ ಮೇಲಿನದ್ದನ್ನೂ ಗುಡಿಸಿ. ಅಣ್ಣನ ಮಗ ಬಂದ ವಾರವೇ ಅವನ ಕೈಯಲ್ಲಿ ಅಭ್ಯಾಸ ಮಾಡಿಸಿದೆ. ಲೈಟ್ ಆರಿಸಿ, ಮಂಚದಿಂದ ಎದ್ದು, ಕಿಟಕಿ ತೆರೆದು, ಏಣಿ ಹತ್ತಿ, ಮುಚ್ಚಳ ಎತ್ತಿ ಹುಲ್ಲಿನ ಮೇಲೆ ಬರಬೇಕು. "ಅತ್ತೆ, ಕಿಟಕಿಯ ಹಿಡಿ ಕತ್ತಲಲ್ಲಿ ಕೈಗೆ ಸಿಗಲ್ಲ, ಮೇಜು ಅಡ್ಡ ಬರುತ್ತೆ" ಅಂದ. ಮೇಜನ್ನು ಬೇರೆ ಗೋಡೆಗೆ ಸರಿಸಿದೆವು. ನಿಮ್ಮ ಮನೆಯಲ್ಲಿ ಅಲ್ಲಿ ಅಪ್ಪ ಅಮ್ಮ ಮಲಗುವವರಿದ್ದರೆ ಈ ಅಭ್ಯಾಸವನ್ನು ಕಿಟಕಿ ಕೊಳ್ಳುವ ಮುಂಚೆಯೇ ಯೋಚಿಸಿ. 44 ಅಂಗುಲ ಕೋಡಿಗೆ ಸರಿ, ಮಂಡಿ ನೋವಿದ್ದವರಿಗೆ ಅದು ಗೋಡೆಯೇ. ಕೆಳ ಅಂಚನ್ನು ಇನ್ನೂ ಇಳಿಸಿ, ಅಥವಾ ಅವರಿಗೆ ಮೇಲಿನ ರೂಮು ಕೊಡಿ.

ಕೋಟೇಶನ್ ಓದುವುದು

ನಮಗೆ ಬಂದ ಕೋಟೇಶನ್‌ಗಳು 4,100ರಿಂದ 7,900 ಡಾಲರ್‌ವರೆಗೆ ಇದ್ದವು. ಅಗ್ಗದ್ದನ್ನು ಬಿಡಿಸಿ ನೋಡಿದಾಗ ಅದರಲ್ಲಿ ಡ್ರೇನ್ ಇರಲಿಲ್ಲ, ಮಣ್ಣು ಸಾಗಿಸುವುದು ಇರಲಿಲ್ಲ, ಪರ್ಮಿಟ್ಟೂ ಮುಚ್ಚಳವೂ ಇರಲಿಲ್ಲ. ಎಲ್ಲ ಸೇರಿಸಿದರೆ ನಾವು ಕೊಟ್ಟದ್ದಕ್ಕಿಂತ ದೊಡ್ಡ ವ್ಯತ್ಯಾಸ ಉಳಿಯಲಿಲ್ಲ. 7,900ರದ್ದರಲ್ಲಿ ಗೋಡೆ ಅಗಲ ಮಾಡಿ ದೊಡ್ಡ ಸ್ಲೈಡರ್ ಹಾಕುವ ಯೋಜನೆ ಇತ್ತು. ಬೆಲೆ ಹೋಲಿಸುವ ಮೊದಲು ಇವನ್ನು ಒಂದೇ ಅಳತೆಗೆ ತನ್ನಿ: ಅದೇ ಕಿಟಕಿ, ಅದೇ ವೆಲ್, ಡ್ರೇನ್ ಎಲ್ಲಿಗೆ ಸೇರುತ್ತದೆ, ಮಣ್ಣು ಯಾರು ಒಯ್ಯುತ್ತಾರೆ, ಒಳಗಿನ ಡ್ರೈವಾಲ್ (ಗೋಡೆಯ ಜಿಪ್ಸಮ್ ಹಲಗೆ) ಮತ್ತು ಟ್ರಿಮ್ (ಕಿಟಕಿ ಸುತ್ತಲಿನ ಪಟ್ಟಿ) ಯಾರದ್ದು. ನಮ್ಮಲ್ಲಿ ಡ್ರೈವಾಲ್, ಬಣ್ಣ ನಾವೇ ಮಾಡಿಕೊಂಡೆವು, ಅದು ಮೇಲಿನ ಲೆಕ್ಕದಲ್ಲಿ ಇಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಕೇಳಿ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಎಲ್ಲರ ಕೈಯೂ ತುಂಬಿರುತ್ತದೆ.

ಎರಡು ಬೆಡ್‌ರೂಮ್ ಮಾಡುವುದಾದರೆ ಎರಡಕ್ಕೂ ಬೇರೆ ಬೇರೆ ಕಿಟಕಿ ಬೇಕು. ಒಟ್ಟಿಗೇ ಮಾಡಿಸಿದರೆ ಯಂತ್ರ ಒಂದೇ ಸಲ ಬರುತ್ತದೆ, ಎರಡನೆಯದರ ಬೆಲೆ ಇಳಿಸಿ ಅಂತ ಧೈರ್ಯವಾಗಿ ಕೇಳಿ.

ದುಡ್ಡು ಹಂತ ಹಂತವಾಗಿ ಕೊಡಿ. ಕೊನೆಯ ಕಂತನ್ನು, ಇನ್‌ಸ್ಪೆಕ್ಟರ್ ಬಂದು ಟೇಪ್ ಹಿಡಿದು ಅಳೆದು ಫೈನಲ್ ಪಾಸ್ ಮಾಡಿದ ಮೇಲೆಯೇ ಕೊಡುವುದು ಅಂತ ಒಪ್ಪಂದದಲ್ಲಿ ಬರೆಸಿ. ಕತ್ತರಿಸುವವರು, ಅಗೆಯುವವರು ಬೇರೆ ಬೇರೆ ಇದ್ದರೆ, ಎಲ್ಲರಿಗೂ ದುಡ್ಡು ಸಂದಿದೆ ಅನ್ನುವ ಲೀನ್ ವೇವರ್ ಕಾಗದವನ್ನು ಕಾಂಟ್ರಾಕ್ಟರ್ ಕೈಯಿಂದ ತಗೊಳ್ಳಿ. ಅವರು ಯಾರಿಗಾದರೂ ಬಾಕಿ ಉಳಿಸಿಕೊಂಡಿದ್ದರೆ ಆ ಹಕ್ಕು ನಿಮ್ಮ ಮನೆಯ ಮೇಲೆ ಬರಬಹುದು. ಆ ಕಾಗದ, ಫೈನಲ್ ಪಾಸ್ ಆಗಿ ಮುಗಿದ ಪರ್ಮಿಟ್ಟು, ಮಣ್ಣು ಮುಚ್ಚುವ ಮುಂಚೆ ತೆಗೆದ ಡ್ರೇನ್ ಪೈಪಿನ ಫೋಟೋ, ಕಿಟಕಿಯ ಅಳತೆ ಪಟ್ಟಿ ಎಲ್ಲವನ್ನೂ ಮನೆ ಪತ್ರದ ಜೊತೆ ಒಂದೇ ಫೈಲಿನಲ್ಲಿ ಇಡಿ.